ಗೋಡೆಯಿಲ್ಲದ ಹಜಾರ

ಹೂಡಿಯ ರಾಮಾಂಜಿನಪ್ಪ ಹೊಸ ಮನೆ ಕಟ್ಟಿಸಲು ಹೊರಟಾಗ ನಡುವೆ ಗೋಡೆ ಬೇಡ ಎಂದವನು ಅವನೇ. ತೊಂಬತ್ತಾರರಲ್ಲಿ ವೈಟ್‌ಫೀಲ್ಡ್ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರ ಮಾದರಿ ಮನೆಯನ್ನು ನೋಡಿಕೊಂಡು ಬಂದಿದ್ದ. ಕೂರುವ ಜಾಗ, ಊಟದ ಮೇಜು, ಅಡುಗೆಕಟ್ಟೆ ಎಲ್ಲವೂ ಅಲ್ಲಿ ಒಂದೇ ಹಜಾರದಲ್ಲಿದ್ದವು. "ಕಂಪನಿಯೋರ್ಗೆ ಅಂಥ ಮನೆ ಬೇಕಂತೆ. ನಮಗ್ಯಾಕೆ ಬ್ಯಾಡ?" ಎಂದು ಮೇಸ್ತ್ರಿ ಲಕ್ಷ್ಮಯ್ಯನಿಗೆ ಹೇಳಿ, ಮಲಗುವ ಕೋಣೆಗಳನ್ನು ಮಹಡಿಗೆ ಏರಿಸಿ, ಕೆಳಗೆ ನಲವತ್ತು ಅಡಿಯ ಹಜಾರ ಹಾಕಿಸಿದ.

ರಾಮಾಂಜಿನಪ್ಪನ ಹೆಂಡತಿ ಲಕ್ಷ್ಮಮ್ಮನನ್ನು ಯಾರೂ ಕೇಳಿರಲಿಲ್ಲ. ಹಳೆಯ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಅವಳು ಬೇಯಿಸಿದ್ದು ಅಂಗೈಯಗಲದ ಕಿಟಕಿಯಿದ್ದ, ಹೊಗೆ ತುಂಬಿದ ಕೋಣೆಯಲ್ಲಿ. ಪಡಸಾಲೆಗೆ ಯಾರು ಬಂದರು, ಏನು ಮಾತಾಡಿದರು ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಗಂಡನ ಕೈ ಮಾತ್ರ ಕಾಣುತ್ತಿತ್ತು. ನಾಲ್ಕು ಬೆರಳೆತ್ತಿದರೆ ನಾಲ್ಕು ಲೋಟ ಕಾಫಿ. ದೊಡ್ಡ ಮಗಳ ಮದುವೆ ಗೊತ್ತಾದ ದಿನ ಎರಡೂ ಕೈ ಒಳಗೆ ಬಂದಿದ್ದವು. ಒಂಬತ್ತು ಕಾಫಿ, ಆಮೇಲೆ "ಒಸಿ ಸೀ ಮಾಡು" ಎಂಬ ಮಾತು. ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು.

ಕಟ್ಟಡ ಎದ್ದು ನಿಂತು ಗಾರೆ ಕೆಲಸ ನಡೆಯುತ್ತಿದ್ದಾಗ ಒಂದು ದಿನ ಅವಳು ಹಜಾರದ ನಡುವೆ ನಿಂತು ಸುತ್ತ ನೋಡಿದಳು. ಆಮೇಲೆ ಲಕ್ಷ್ಮಯ್ಯನನ್ನು ಕರೆದು, ಗೋಡೆಗೆ ಆತುಕೊಂಡಿದ್ದ ಅಡುಗೆಕಟ್ಟೆಯನ್ನು ಕಿತ್ತು ಬಾಗಿಲಿಗೆ ಎದುರಾಗಿ ಕಟ್ಟು ಎಂದಳು.

"ಯಾಕಕ್ಕ? ಚೆನ್ನಾಗೇ ಐತಲ್ಲ."

"ಬಂದೋರ್ಗೆ ಬೆನ್ನು ಆಕ್ಕೊಂಡು ಬೇಯಿಸಿದ್ದು ಸಾಕು ಕಣಪ್ಪ."

ಅಂದಿನಿಂದ ಮನೆಯ ಅಲಂಕಾರ ಅವಳ ಕೈಗೆ ಬಂತು. ಗಂಡ ಹೇಳಿದ ಕೆನೆಬಣ್ಣ ಬಿಟ್ಟು ಎಳೆ ರಾಗಿ ಪೈರಿನ ಹಸಿರನ್ನು ಹೊಡೆಸಿದಳು. ಗಾಜಿನ ಶೋಕೇಸು ಬೇಡವೆಂದು, ಕಟ್ಟೆಯ ಹಿಂದೆ ತೆರೆದ ಹಲಗೆ ಬಡಿಸಿ ತವರಿನ ಹಿತ್ತಾಳೆ ಚೆಂಬು, ಕೊಳಗ, ಕುಟ್ಟಾಣಿ ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಜೋಡಿಸಿದಳು. ಕಿರಿಯ ಮಗಳು ಯಮುನಾ ವೈಟ್‌ಫೀಲ್ಡಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಳು. ಅವಳು ತನ್ನ ಸಂಬಳದಲ್ಲಿ ಬೆತ್ತದ ದೀಪವೊಂದನ್ನು ತಂದು ಊಟದ ಮೇಜಿನ ಮೇಲೆ ಇಳಿಬಿಟ್ಟಳು. ಸೋಫಾಗಳನ್ನು ಟಿವಿಯ ಕಡೆ ಇಡಲು ಬಿಡದೆ, ಕೂತವರ ಮುಖ ಒಲೆಯ ಕಡೆ ಬರುವಂತೆ ಅಮ್ಮ ಮಗಳಿಬ್ಬರೂ ಸೇರಿ ತಿರುಗಿಸಿದರು.

ಗೃಹಪ್ರವೇಶವಾದ ಮೂರನೇ ತಿಂಗಳಿಗೆ ಯಮುನಾಳನ್ನು ನೋಡಲು ದೊಡ್ಡನೆಕ್ಕುಂದಿಯ ಸೊಣ್ಣಪ್ಪನ ಕಡೆಯವರು ಬರುತ್ತಾರೆ ಎಂದಾಯಿತು. ಆ ಸಂಬಂಧ ತಂದವಳು ರಾಮಾಂಜಿನಪ್ಪನ ಅಕ್ಕ ರಾಮಕ್ಕ. ಹಜಾರದಲ್ಲಿ ಒಂದು ಸುತ್ತು ಹಾಕಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲ ಕಣೋ, ಎಣ್ಣು ಎಲ್ಲಿಂದ ಬತ್ತಾಳೆ?"

"ಎಲ್ಲಿಂದ ಅಂದ್ರೆ?"

"ಗಂಡಿನೋರು ಕೂತ್ಕೋತಾರೆ. ಎಣ್ಣು ಒಳಗಿಂದ ತಟ್ಟೆ ಇಡ್ಕೊಂಡು ಬರಬೇಕಲ್ಲ. ಒಳಗೆಲ್ಲೈತೆ ಈ ಮನೇಲಿ? ಅನ್ನ ಬೇಯೋದು ಬೀದೀಲಿ ಓಗೋರ್ಗೆಲ್ಲ ಕಾಣ್ತದೆ. ಜನ ನಗ್ತಾರೆ ಕಣೋ!"

ರಾಮಾಂಜಿನಪ್ಪನಿಗೆ ಅವಮಾನವಾಯಿತು. ಮರುದಿನವೇ ಲಕ್ಷ್ಮಯ್ಯ ಇಟ್ಟಿಗೆ, ಸಿಮೆಂಟಿನೊಂದಿಗೆ ಬಂದು ಹಜಾರಕ್ಕೆ ಅಡ್ಡವಾಗಿ ಸುಣ್ಣದ ಗೆರೆ ಎಳೆದ. ಲಕ್ಷ್ಮಮ್ಮ ಒಂದು ಮೊರದ ತುಂಬ ಅವರೆಕಾಯಿ ತಂದು ಆ ಗೆರೆಯ ಮೇಲೆಯೇ ಕೂತು ಬಿಡಿಸತೊಡಗಿದಳು.

"ಅಕ್ಕ, ಒಂಚೂರು ಸರ್ಕೊಳಿ."

"ಇಲ್ಲೇ ಚೆನ್ನಾಗೈತೆ. ಗಾಳಿ ಬತ್ತದೆ."

ಮೊರದಲ್ಲಿದ್ದ ಕಾಯಿ ಮುಗಿಯಿತು. ಅವಳು ಇನ್ನೊಂದು ಮೊರ ತಂದಳು. ಮಧ್ಯಾಹ್ನ ಗಂಡ ಬಂದು ನೋಡಿದ.

"ಏಳ್ತೀಯೋ ಇಲ್ವೋ?"

"ಈ ಮನೆಗೆ ಗೋಡೆ ಬ್ಯಾಡ ಅಂದೋರು ನೀವು. ನಾನಲ್ಲ."

"ಆವಾಗ ಅಂದೆ. ಈಗ ಬೇಕು ಅಂತೀನಿ."

"ಆವಾಗ ನನ್ನ ಕೇಳ್ಲಿಲ್ಲ, ಈಗ್ಲೂ ಕೇಳ್ಲಿಲ್ಲ. ಕಟ್ಟಿಸಿ. ಆದ್ರೆ ಆ ಗೋಡೆ ಆಚೆ ನಿಂತು ಬೇಯ್ಸೋರು ಯಾರು ಅಂತಾನೂ ನೋಡ್ಕೊಂಡಿರಿ. ನಾನಂತೂ ಒಳಿಕ್ಕೋಗಲ್ಲ."

ಮದುವೆಯಾದಾಗಿನಿಂದ ಹೆಂಡತಿ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅವನಿಗೆ ನೆನಪಿರಲಿಲ್ಲ. ಲಕ್ಷ್ಮಯ್ಯ ಕರಣೆ ತೊಳೆದಿಟ್ಟು ಬೀಡಿ ಹಚ್ಚಲು ಹೊರಗೆ ಹೋದ. ಸಂಜೆಯವರೆಗೂ ಲಕ್ಷ್ಮಮ್ಮ ಏಳಲಿಲ್ಲ. ಅಂದು ಕೆಲಸ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ.

ರಾಮಕ್ಕ ಸೋಲುವವಳಲ್ಲ. ಕೆಂಪು ಮಖಮಲ್ ಬಟ್ಟೆಯ ದಪ್ಪ ಪರದೆಯೊಂದನ್ನು ತಾನೇ ಕೊಂಡು ತಂದಳು. "ಗೋಡೆ ಬ್ಯಾಡ ಅಂದ್ರೆ ಬ್ಯಾಡ. ತಂತಿ ಕಟ್ಟಿ ಇದನ್ನಾದ್ರೂ ಇಳಿಬಿಡು," ಎಂದು ಕೊಟ್ಟು ಹೋದಳು. ಆ ಬಟ್ಟೆಯನ್ನು ನೋಡಿ ಯಮುನಾ ಅಳುವುದೊಂದು ಬಾಕಿ.

"ಅಮ್ಮ, ನಾಟಕದಲ್ಲಿ ಬರೋ ಹಾಗೆ ಇದರ ಹಿಂದಿಂದ ಬರಬೇಕಾ ನಾನು?"

"ಕತ್ತರಿ ತತ್ತಾ," ಎಂದಳು ಲಕ್ಷ್ಮಮ್ಮ.

ತಾಯಿ ಅಳೆದಳು, ಮಗಳು ಕತ್ತರಿಸಿದಳು. ಹೊಲಿಗೆ ಯಂತ್ರದ ಮುಂದೆ ಎರಡು ದಿನ ಕೂತು ಲಕ್ಷ್ಮಮ್ಮ ಸೋಫಾದ ದಿಂಬುಗಳಿಗೆಲ್ಲ ಕೆಂಪು ಮಖಮಲ್ಲಿನ ಗವಸು ಹೊಲಿದಳು. ಹಸಿರು ಗೋಡೆಗೆ ಆ ಕೆಂಪು ಒಪ್ಪಿತು.

ಭಾನುವಾರ ಸೊಣ್ಣಪ್ಪ, ಅವನ ಮಗ, ಇನ್ನಿಬ್ಬರು ಗಂಡಸರು ಬಂದರು. ಮೊದಲ ಸಲ ಗಂಡಸರೇ ಬರುವುದು ಅವರ ಪದ್ಧತಿ. ಜೊತೆಗೆ ಬಂದ ರಾಮಕ್ಕ ದಿಂಬಿನ ಮೇಲೆ ಕೈಯಿಟ್ಟು ತಟ್ಟನೆ ಎತ್ತಿದಳು.

"ಇದು ನಾನು ತಂದಿದ್ದ ಪರದೆ ಅಲ್ವೇನೆ?"

"ಊ ಅತ್ಗೆ. ಮೆತ್ತಗವೆ, ಒರಗ್ಕೊಳಿ."

ಯಮುನಾ ಕಟ್ಟೆಯ ಹಿಂದೆ ಬೋಂಡ ಕರಿಯುತ್ತಿದ್ದಳು. ಬಂದವರೆಲ್ಲ ಕಾಫಿ ಕುಡಿದು ಬಾಗಿಲು ಹುಡುಕುವಂತೆ ಅತ್ತಿತ್ತ ನೋಡಿದರು. ಕೊನೆಗೆ ಸೊಣ್ಣಪ್ಪ ಹೇಳಿದ. "ಎಣ್ಣನ್ನ ಕರೀರಿ."

"ಇಲ್ಲೇ ಇದೀನಿ ಸಾರ್," ಎಂದಳು ಯಮುನಾ, ಜಾಲರಿ ಸೌಟು ಕೈಯಲ್ಲಿ ಹಿಡಿದೇ.

ಹುಡುಗ ನಕ್ಕ. ಅವನ ಅಪ್ಪ ನಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಸರಿ, ಎಂಗಸ್ರು ಒಂಚೂರು ಆಕಡೆ ಓದ್ರೆ ನಾವು ಮಾತಾಡ್ಬೋದು," ಎಂದ.

ರಾಮಾಂಜಿನಪ್ಪ ಹೆಂಡತಿಯ ಮುಖ ನೋಡಿದ. ಲಕ್ಷ್ಮಮ್ಮ ಕೈ ಒರೆಸಿಕೊಂಡು ಬಂದು ಅವರೆದುರಿನ ಕುರ್ಚಿಯಲ್ಲೇ ಕೂತಳು.

"ಮಾತು ಅವಳದ್ದೇ ಅಲ್ವಾ? ಅವಳ ಮುಂದೇನೇ ಆಡಿ."

ಸೊಣ್ಣಪ್ಪ ಆಡಿದ. ಮದುವೆಯಾದ ಮೇಲೆ ಸೊಸೆ ಫ್ಯಾಕ್ಟರಿಗೆ ಹೋಗುವುದು ತಮ್ಮ ಮನೆತನಕ್ಕೆ ಒಗ್ಗದು. ಇನ್ನು ಹುಡುಗಿಯ ಅಪ್ಪನಿಗಿರುವ ರಸ್ತೆ ಬದಿಯ ಸೈಟು ಅಳಿಯನ ಹೆಸರಿಗಾದರೆ ಎಲ್ಲರಿಗೂ ನೆಮ್ಮದಿ. ರಾಮಾಂಜಿನಪ್ಪ ತಲೆ ಬಗ್ಗಿಸಿಕೊಂಡು "ನೋಡಾನ" ಎನ್ನುವುದಕ್ಕೂ ಯಮುನಾ ಒಲೆ ಆರಿಸುವುದಕ್ಕೂ ಸರಿಹೋಯಿತು.

"ಕೆಲಸ ನಾನು ಬಿಡಲ್ಲ. ಸೈಟು ಬೇಕಾಗಿರೋದು ನಿಮ್ಗೋ, ನಿಮ್ಮ ಮಗಂಗೋ? ಅವರನ್ನೇ ಕೇಳ್ತೀನಿ." ಅವಳು ಹುಡುಗನ ಕಡೆ ತಿರುಗಿದಳು. "ಹೇಳ್ರೀ."

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಇದನ್ನೆಲ್ಲ ಹಜಾರದ ಅಷ್ಟೂ ಜನ ನೋಡಿದರು.

"ಇವ್ರು ಮಾತಾಡಲ್ಲ ಅಂದ್ರೆ ನಂಗೂ ಬೇಡ," ಎಂದಳು ಯಮುನಾ. ತಟ್ಟೆ ತಂದು ಅವರ ಮುಂದಿಟ್ಟಳು. "ಬೋಂಡ ಬಿಸಿಯಾಗಿವೆ, ತಿಂದ್ಕೊಂಡು ಹೋಗಿ."

ಯಾರೂ ತಿನ್ನಲಿಲ್ಲ. ಸೊಣ್ಣಪ್ಪ ಚಪ್ಪಲಿ ಮೆಟ್ಟುತ್ತ, "ಒಂದು ಗೋಡೆ ಆಕ್ಸಿದ್ರೆ ಮಾತು ಇಷ್ಟು ದೂರ ಬತ್ತಿರ್ಲಿಲ್ಲ ಕಣ್ರೀ," ಎಂದು ಹೋದ. ರಾಮಕ್ಕ ಅಲ್ಲಿಯೇ ಅತ್ತು, ಇನ್ನು ಈ ಮನೆಯ ಹೊಸಲು ತುಳಿಯುವುದಿಲ್ಲ ಎಂದು ಹೊರಟಳು. ರಾಮಾಂಜಿನಪ್ಪ ಎಂಟು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಅವಳು ಅವನನ್ನು ಮಾತಾಡಿಸಲು ಹೋಗಲಿಲ್ಲ. ತಟ್ಟೆ ಹಾಕಿದಳು, ಬಡಿಸಿದಳು, ತಾನೂ ಅದೇ ಮೇಜಿನಲ್ಲಿ ಕೂತು ಉಂಡಳು. ಒಂಬತ್ತನೆಯ ದಿನ ಅವನು, "ಸೈಟು ಕೇಳ್ತಾನೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಷ್ಟೇ ಹೇಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಯುಗಾದಿ ಕಳೆದ ಮೇಲೆ ಚಿಕ್ಕಬಾಣಾವರದಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಪಿಳ್ಳಮ್ಮ ಎಂದು ಹೆಸರು ಹೇಳಿದಳು. ಮಗ ಪೀಣ್ಯದ ಫ್ಯಾಕ್ಟರಿಯೊಂದರ ಟೂಲ್‌ರೂಮಿನಲ್ಲಿದ್ದಾನೆ, ಯಮುನಾಳ ವಿಷಯ ಯಾರೋ ಹೇಳಿದರು ಎಂದಳು.

"ಮೊದಲೇ ಯೋಳ್ತೀನಿ ಕಣಮ್ಮ," ಎಂದಳು ಲಕ್ಷ್ಮಮ್ಮ. "ನಮ್ಮನೇಲಿ ಒಳಗೆ ಅನ್ನೋದಿಲ್ಲ. ನಾನೂ ನನ್ನ ಮಗಳೂ ನಿಮ್ಮ ಮುಂದೇನೇ ಕೂತಿರ್ತೀವಿ, ಮಾತೂ ಆಡ್ತೀವಿ. ಒಪ್ಗೆ ಇದ್ರೆ ಬನ್ನಿ, ಇಲ್ದಿದ್ರೆ ಬ್ಯಾಡ."

ಆ ಕಡೆಯಿಂದ ದನಿ ತಗ್ಗಿಸಿ ಪಿಳ್ಳಮ್ಮ ಕೇಳಿದಳು. "ಅಂಗಾದ್ರೆ ನಾನೂ ಬರ್ಬೋದಾ? ನಮ್ಮಲ್ಲಿ ಗಂಡಸ್ರೇ ಓಗೋದು."

"ನೀವೇ ಮುಂದೆ ಬನ್ನಿ."

ಫೋನ್ ಇಟ್ಟು ಲಕ್ಷ್ಮಮ್ಮ ಪೇಪರು ಓದುತ್ತಿದ್ದ ಗಂಡನಿಗೆ ಹೇಳಿದಳು. "ಭಾನುವಾರ ಬತ್ತಾರೆ. ಅವರ ಮನೆ ಎಂಗಸ್ರೂ ಬತ್ತಾರೆ. ಕೂರಾಕೆ ಸಾಲಲ್ಲ, ಇನ್ನೂ ನಾಕು ಕುರ್ಚಿ ತನ್ನಿ."

ರಾಮಾಂಜಿನಪ್ಪ ಪೇಪರು ಮಡಿಸಿಟ್ಟು, ಯಾವ ಬಣ್ಣದ್ದು ಎಂದು ಕೇಳಿದ.