ಚಿಗರಿಯ ತವರು

ತುಳಸಿಗೇರಿ ಕಡೆಯ ಸತ್ಯವ್ವನ ಮನೆಯಿಂದ ಮುಧೋಳ ನಾಯಿಮರಿ ಒಯ್ಯುವುದೆಂದರೆ ಹೆಣ್ಣು ಒಯ್ದ ಹಾಗೆ. ಬೀರಪ್ಪನ ಗುಡಿಯ ಮುಂದೆ ಮರಿಯ ಹಣೆಗೆ ಭಂಡಾರ ಹಚ್ಚಿ, “ಸಾಕಾಕ ಆಗಲಿಲ್ಲಂದ್ರ ಬೀದಿಗೆ ಬಿಡಬ್ಯಾಡ್ರಿ, ತವರಿಗೆ ತಂದು ಬಿಡ್ರಿ” ಎಂದು ಕಳಿಸುವಳು. ಅದಕ್ಕೂ ಮೊದಲು ಒಯ್ಯುವವರ ಮನೆಗೆ ಹೋಗಿ, ಅಂಗಳ ಎಷ್ಟಿದೆ, ಮಂದಿ ಎಂಥವರು ಎಂದು ಕಣ್ಣಾರೆ ನೋಡಿ ಬರುವಳು. ಅತ್ತೆಯ ಕಾಲದಿಂದ ಬಂದ ರೂಢಿ. ಅವಳ ಮನೆಯ ಸಂತಾನದಲ್ಲಿ ಒಂದು ನಾಯಿಯೂ ಮನುಷ್ಯರ ಮೈಗೆ ಹಲ್ಲು ಹಚ್ಚಿರಲಿಲ್ಲ. ಅದೇ ಅವಳ ಹೆಮ್ಮೆ.

ಅಂಥ ಮನೆಗೆ ಹುನಗುಂದದಿಂದ ಫೋನು ಬಂತು. ಅವಳ ತಂಗಿಯ ಮಗ ನಿಂಗರಾಜ ಒಯ್ದಿದ್ದ ಚಿಗರಿ ಎಂಬ ನಾಯಿ, ಎದುರುಮನೆಯ ದೌಲತಬಿಯ ಮುಂಗೈ ಕಚ್ಚಿತ್ತು.

“ಈ ತಳೀನ ಹಂಗಂತ, ದೊಡ್ಡವ್ವ. ಹೊಡದು ಹಾಕ್ರಿ ಅನ್ನಾಕತ್ತಾರ ಓಣಿ ಮಂದಿ.”

“ನಾ ಬರೂತನಕ ಯಾರೂ ಕೈ ಹಚ್ಚಬಾರದು.”

ಕುರಿ ಸಾಗಿಸುವ ಟೆಂಪೊ ಹತ್ತಿ, ಕಂಬಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದಾರಿಯುದ್ದಕ್ಕೂ ಒಂದೇ ಮಾತು ಎದೆ ಚುಚ್ಚುತ್ತಿತ್ತು. ನಿಂಗರಾಜನ ಹೊಸ ಶೇಂಗಾ ಗೋದಾಮನ್ನು ಅವಳು ನೋಡಿರಲಿಲ್ಲ. ಮಗನಂಥವನು, ಅವನ ಜಾಗ ಏನು ನೋಡುವುದು ಎಂದು ಮರಿಯನ್ನು ಹಾಗೇ ಕೊಟ್ಟು ಕಳಿಸಿದ್ದಳು.

ಹುನಗುಂದದಲ್ಲಿ ಇಳಿದವಳು ನಾಯಿಯ ಕಡೆಗೆ ಹೋಗಲಿಲ್ಲ. ದೌಲತಬಿಯ ಹೊಸ್ತಿಲ ಹೊರಗೇ ನಿಂತಳು.

“ಅಕ್ಕಾರ, ಅದನ್ನ ಹುಟ್ಟಿಸಿದ ಮನಿಯಾಕಿ ನಾನು. ಸೂಜಿ ಮಾಡಿಸೀರಿಲ್ಲ?”

“ದವಾಖಾನಿಗೆ ಹೋಗಾಕತ್ತೇನಿ. ಒಳಗ ಬರ್ರಿ, ನೀವೇನು ಕಚ್ಚೀರೇನು?” ದೌಲತಬಿ ಪಟ್ಟಿ ಕಟ್ಟಿದ ಕೈಯಿಂದಲೇ ಕರೆದಳು. “ಗೋಣು ಹೊಳ್ಳಲಾರದಷ್ಟು ಗಿಡ್ಡ ಸರಪಳಿ ಹಾಕಿ ಗೇಟಿಗೆ ಕಟ್ಯಾನ. ಹೋಗೋ ಬರೋ ಮಂದಿಗೆಲ್ಲಾ ಛೂ ಅಂತಾನ. ಅದು ಹಾರಿದ್ರ ದೋಸ್ತರು ಚಪ್ಪಾಳಿ ಹೊಡೀತಾರ. ನಾ ಶೇಂಗಾ ತರಾಕ ಹೋಗಿದ್ದೆ, ನನಗೂ ಅದ ಮರ್ಯಾದಿ ಸಿಕ್ತು.”

ಸತ್ಯವ್ವನ ತಲೆ ಬಾಗಿತು. “ಮನಿ ನೋಡದ ಕೊಟ್ಟೆ. ತಪ್ಪು ನಂದೂ ಐತಿ. ಏನ್ ಮಾಡ್ಲಿ, ನೀವ ಹೇಳ್ರಿ.”

ದೌಲತಬಿ ಗೇಟಿನ ಕಡೆ ಒಮ್ಮೆ ನೋಡಿದಳು. “ಕೊಲ್ಲಬ್ಯಾಡ್ರಿ. ಖರೆ, ಈ ಓಣ್ಯಾಗ ಅದು ಇರಬಾರದು.”

ಗೇಟಿನ ಮುಂದೆ ಮಂದಿ ಬಡಿಗೆ ಹಿಡಿದು ನಿಂತಿದ್ದರು. ಸತ್ಯವ್ವನನ್ನು ಕಂಡು ಚಿಗರಿ ಹಲ್ಲು ಕಿರಿಯಿತು. ಅವಳು ಮಂದಿಯನ್ನು ಹಿಂದೆ ಸರಿಸಿ, ಸರಪಳಿ ಮುಟ್ಟದಷ್ಟು ದೂರದಲ್ಲಿ, ಮುಖ ಒಂದು ಕಡೆ ತಿರುಗಿಸಿಕೊಂಡು ನೆಲಕ್ಕೆ ಕುಳಿತು ಕಂಬಳಿಯನ್ನು ಮುಂದೆ ಚಾಚಿದಳು. ಚಿಗರಿ ಹುಟ್ಟಿದ್ದು ಅದರ ಮೇಲೆಯೇ. ನಾಯಿ ಬೊಗಳಿತು, ಗುರುಗುಟ್ಟಿತು. ಸತ್ಯವ್ವ ಕದಲಲಿಲ್ಲ, ಒಳಗೊಳಗೇ ಬೀರಪ್ಪನನ್ನು ನೆನೆಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಉದ್ದನೆಯ ಮೂತಿ ಕಂಬಳಿಯನ್ನು ಮೂಸಿತು. ಬಾಲ ಮೆಲ್ಲಗೆ ಅಲ್ಲಾಡಿತು. ಆಗ ಸರಿದು ಹೋಗಿ, ಬಾಯಿಗೆ ಬಟ್ಟೆಪಟ್ಟಿ ಕಟ್ಟಿ ಸರಪಳಿ ಬಿಚ್ಚಿದಳು. ಕುತ್ತಿಗೆಯ ಸುತ್ತ ಕೂದಲು ಉದುರಿ ಗಾಯವಾಗಿತ್ತು.

“ನೋಡ್ರಿ, ಎಷ್ಟು ಸಾಧು ಐತಿ!” ಎಂದ ನಿಂಗರಾಜ.

“ಬಾಯಿ ಮುಚ್ಚಲೇ. ಕಚ್ಚಿದ್ದು ಖರೆ ಐತಿ. ಡಾಕ್ಟರ್ ಹೇಳಿದಷ್ಟು ದಿನ ಇದನ್ನ ಕಟ್ಟಿ ನೋಡ್ತೇನಿ, ಅಕ್ಕಾರಿಗೆ ದಿನಾ ಫೋನ್ ಮಾಡ್ತೇನಿ. ಇನ್ನ ಇದು ಯಾರ ಮನಿಗೂ ಹೋಗಂಗಿಲ್ಲ, ಇದರ ಹೊಟ್ಟಿಲೆ ಮರೀನೂ ಬ್ಯಾಡ. ತವರಾಗ ಇರಲಿ.”

“ಮತ್ತ ನನಗ ಬ್ಯಾರೆ ಮರಿ, ದೊಡ್ಡವ್ವ?”

“ನಿನಗ ಗೇಟ್ ಕಾಯಾಕ ಕೀಲಿ ಸಾಕು.”

ಬಡಿಗೆ ಹಿಡಿದವರೇ ನಕ್ಕುಬಿಟ್ಟರು.

ಚಿಗರಿ ಈಗ ಸತ್ಯವ್ವನ ಕುರಿಹಟ್ಟಿಯಲ್ಲಿದೆ. ಹೊರಗಿನವರು ಬಂದರೆ ಇನ್ನೂ ಕಟ್ಟಲೇಬೇಕು. ಅದನ್ನು ಅವಳು ಯಾರಿಂದಲೂ ಮುಚ್ಚಿಡುವುದಿಲ್ಲ; ಕೇಳದಿದ್ದರೂ ಹೇಳುತ್ತಾಳೆ. ಮೊನ್ನೆ ಒಡಹುಟ್ಟಿದ ತಮ್ಮ ದುರ್ಗಪ್ಪನೇ ಮರಿ ಕೇಳಲು ಬಂದ.

“ನಾಳೆ ನಿನ್ನ ಮನಿ ನೋಡಾಕ ಬರ್ತೇನಿ,” ಎಂದಳು.

“ಯಕ್ಕಾ, ನಾ ಏನ್ ಹೊರಗಿನಾಂವಾ?”

“ಅಲ್ಲ. ಅದಕ್ಕ ಎರಡು ಸಲ ಬರ್ತೇನಿ,” ಎಂದು ಸತ್ಯವ್ವ ತಲೆಯೆತ್ತಿ ನಕ್ಕಳು.