ಇಂಗ್ಲಿಷಿನಲ್ಲಿ ಸತ್ತ ಅಜ್ಜಿ

ಪುಣೆಯ ಕಾಲೇಜಿನವರು ಅರ್ಜಿಯ ಜೊತೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಕೇಳಿದ್ದರು: ನಿಮ್ಮ ಮನಸ್ಸನ್ನು ಕಲಕಿದ ಸಂಗತಿ. ಸೀಟು ಸಿಗುವುದೂ ಬಿಡುವುದೂ ಅದರ ಮೇಲೇ ಎಂದು ಪಿಯುಸಿ ಮೇಡಂ ಹೆದರಿಸಿದ್ದರು. ಹಂಸ ತಲೆ ಕೆರೆದುಕೊಂಡು ಕೂತಳು. ಅವಳ ಬದುಕಿನಲ್ಲಿ ಕಲಕುವಂಥದ್ದು ಏನಾಗಿತ್ತು ಪಾಪ! ಜೋಗುಪಾಳ್ಯದಲ್ಲಿ ಸ್ವಂತ ಮನೆ, ಕೆಳಗೆ ಬಾಡಿಗೆ ಅಂಗಡಿಗಳು, ನಗುತ್ತಲೇ ಇರುವ ಅಪ್ಪ, ಕೈರುಚಿಗೆ ಬೀದಿಯಲ್ಲೇ ಹೆಸರಾದ ಅಮ್ಮ, ತಲೆ ಬಾಚಲು ಅಜ್ಜಿ ಪಿಳ್ಳಮ್ಮ. ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡುವ ಹುಡುಗಿಗೆ ಯಾವ ಕಾಲೇಜು ಸೀಟು ಕೊಟ್ಟೀತು?

ಓದಿದವರ ಕಣ್ಣಲ್ಲಿ ನೀರು ಬರಬೇಕು, ಯಾರಾದರೂ ಸತ್ತರೆ ಒಳ್ಳೆಯದು ಎಂದಳು ಫ್ರೇಜರ್ ಟೌನಿನ ಗೆಳತಿ ಬಿಲ್ಕೀಸ್. ಮನೆಯಲ್ಲಿ ಸಾಯುವ ವಯಸ್ಸಾಗಿದ್ದುದು ಅಜ್ಜಿಯೊಬ್ಬಳಿಗೇ. ಹಂಸ ಒಂದೇ ಉಸಿರಿಗೆ ಅವಳನ್ನು ಆಸ್ಪತ್ರೆಗೆ ಸೇರಿಸಿ, ಕೈ ಹಿಡಿದು ಕೊನೆಯ ಮಾತಾಡಿಸಿ, ಸಾಯಿಸಿಯೂ ಬಿಟ್ಟಳು. ಎಬಿಸಿಡಿ ಗೊತ್ತಿಲ್ಲದ ಅಜ್ಜಿ ಸಾಯುವಾಗ ಸೊಗಸಾದ ಇಂಗ್ಲಿಷ್ ಮಾತಾಡಿದಳು. ಬರೆದವಳ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಆ ಹೊತ್ತಿಗೆ ಅಜ್ಜಿ ಹೊರಗೆ ಅವರೆಕಾಯಿ ಸುಲಿಯುತ್ತ, ಓದಿದ್ದು ಸಾಕು ಬಾರೇ ಎಂದು ಕೂಗುತ್ತಿದ್ದಳು.

ಮರುದಿನ ತಾರಸಿಯಲ್ಲಿ ರಾಗಿ ಒಣಹಾಕುತ್ತಿದ್ದ ಅಜ್ಜಿಯ ತಲೆಗೆ ಕಾಗೆಯೊಂದು ರಪ್ಪನೆ ಬಡಿದು ಹೋಯಿತು. ಮನೆಯವರೆಲ್ಲ ಗಾಬರಿಬಿದ್ದರು. ಕಾಗೆ ಮುಟ್ಟಿದರೆ ಸಾವು ಹತ್ತಿರ ಎಂದು ಅವರ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು: ಸತ್ತರೆಂದು ಒಡಹುಟ್ಟಿದವರಿಗೋ ಮಕ್ಕಳಿಗೋ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ನಂಬಿ ಅತ್ತರೆ ದೋಷ ಕಳೆಯುತ್ತದೆ. ಅಳುವುದಕ್ಕೆ ಕೆ.ಆರ್. ಪುರದಲ್ಲಿರುವ ಮಗಳು ಮಾರಕ್ಕನೇ ಆಗಬೇಕೆಂದು ಅಜ್ಜಿ ಹಟ ಹಿಡಿದಳು. ಅಮ್ಮ ಹೇಳಿದರೆ ಮಾರಕ್ಕ ನಂಬುವವಳಲ್ಲ. ಅಪ್ಪನಿಗೆ ನಗು ತಡೆಯುವುದಿಲ್ಲ. ಹಾಗಾಗಿ ಫೋನು ಹಂಸಳ ಕೈಗೆ ಬಂತು.

ಅವಳಿಗೇನು ಮಹಾ ಕಷ್ಟ, ನಿನ್ನೆಯಷ್ಟೇ ಸಾಯಿಸಿ ಅಭ್ಯಾಸವಾಗಿತ್ತಲ್ಲ. ಆ ಕಡೆಯಿಂದ ಮಾರಕ್ಕ ಹಲೋ ಎಂದಳು. ಹಂಸ ಬಾಯಿ ತೆರೆದಳು, ಮಾತು ಹೊರಡಲೊಲ್ಲದು. ಪಕ್ಕದಲ್ಲೇ ನಿಂತಿದ್ದ ಅಜ್ಜಿ, ಬೇಗ ಹೇಳೇ ಎಂದು ಮೊಣಕೈಯಲ್ಲಿ ತಿವಿದಳು.

“ಅತ್ತೆ... ಅಜ್ಜಿ ಹೋಗ್ಬಿಡ್ತು.”

ಹೇಳಿದ್ದೇ ತಡ, ಹೇಳಿದವಳಿಗೇ ದುಃಖ ಒತ್ತರಿಸಿ ಬಂತು. ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಸತ್ತಿದ್ದ ಅಜ್ಜಿ, ಮನೆಯ ಮಾತಿನಲ್ಲಿ ಸಾಯುವಾಗ ಅವಳ ಜೀವವನ್ನೇ ಹಿಂಡಿಬಿಟ್ಟಳು. ಬದುಕಿ ನಿಂತಿದ್ದ ಅಜ್ಜಿಯ ಸೆರಗು ಹಿಡಿದುಕೊಂಡು ಹಂಸ ಬಿಕ್ಕಿಬಿಕ್ಕಿ ಅತ್ತಳು. ಅವಳ ಅಳು ಕೇಳಿಯೇ ಮಾರಕ್ಕ ಹಿಂದೆಮುಂದೆ ನೋಡದೆ ಗೋಳಾಡಿದಳು.

ಆಟೋ ಮಾಡಿಕೊಂಡು ಓಡಿ ಬಂದ ಮಾರಕ್ಕ, ಉಪ್ಪಿಟ್ಟು ತಿನ್ನುತ್ತ ಕೂತಿದ್ದ ಹೆತ್ತವ್ವನನ್ನು ಕಂಡು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ತಬ್ಬಿಕೊಂಡಳು. ಆಮೇಲೆ ತಾನೂ ಒಂದು ತಟ್ಟೆ ಹಾಕಿಸಿಕೊಂಡಳು. ಹಂಸ ಒಳಗೆ ಹೋಗಿ ನಿನ್ನೆಯ ಪ್ರಬಂಧವನ್ನು ಹರಿದು ಹಾಕಿ, ಕಾಗೆಯಿಂದ ಶುರುಮಾಡಿ ಹೊಸದಾಗಿ ಬರೆಯಲು ಕೂತಳು.

ಅಜ್ಜಿ ಬಂದು ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ನೀನು ಸತ್ತಿಲ್ಲ ಅಂತ ಬರೆಯುತ್ತಿದ್ದೇನೆ ಎಂದಳು ಹಂಸ. ಅಜ್ಜಿಗೆ ನಗು ಬಂತು.

“ನಾನು ಸತ್ತಿಲ್ಲ ಅಂತ ಯಾರಾದ್ರೂ ಸೀಟು ಕೊಡ್ತಾರೇನೇ?”

“ಕೊಡ್ದಿದ್ರೆ ಬೇಡ ಬಿಡು. ಇನ್ನೊಂದ್ಸಲ ನಿನ್ನ ಸಾಯ್ಸೋಕೆ ನನ್ ಕೈಲಾಗಲ್ಲ.”