ಕೆಮ್ಮುವ ಕಿಟಕಿ

"ಹೊಸ ದೂರು," ಎಂದಿತು ಲ್ಯಾಪ್‌ಟಾಪು.

"ಸುಳ್ಳು," ಅಂದಳು ಅಕ್ಕ. "ನಾನೀಗ ತಾನೇ ಹುಡುಕೋ ಕೀ ಒತ್ತಿದೀನಿ. ಇದು ಹಳೇ ದೂರಿನ ವಿಂಡೋ ಅಲ್ವಾ?"

ಪರದೆಗೆ ಮೂಗು ತಾಗುವಷ್ಟು ಬಗ್ಗಿ ತಮ್ಮ ನೋಡಿದ. ಅವಳು ಹೇಳಿದ್ದೇ ಸರಿ. ಎದುರಿಗೆ ತೆರೆದಿದ್ದದ್ದು ಹಳೇ ದೂರು ಹುಡುಕುವ ವಿಂಡೋ. ಅವನು ಬರೆದ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಮಾತ್ರ ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಹೊಸ ದೂರು, ಹೊಸ ದೂರು ಎನ್ನುತ್ತಿತ್ತು.

"ಹಾಗಾಗಬಾರದಲ್ಲ," ಎಂದು ಗೊಣಗಿದ. ಬೆಳಗಿನಿಂದ ಅವನ ಬಾಯಲ್ಲಿ ಅದೊಂದೇ ಮಾತು.

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳಿ ಟೈಪು ಮಾಡುವವಳು. ಕಣ್ಣು ಪೂರ್ತಿ ಹೋದ ಮೇಲೂ ಬೆರಳುಗಳಿಗೆ ಕೀಲಿಗಳೆಲ್ಲ ನೆನಪಿದ್ದವು. ತೊಡಕಿದ್ದದ್ದು ಬೇರೆ ಕಡೆ. ಅಲ್ಲಿನ ಪ್ರೋಗ್ರಾಮು ಓಬೀರಾಯನ ಕಾಲದ್ದು. ಪರದೆ ಓದಿ ಹೇಳುವ ತಂತ್ರಾಂಶಗಳೆಲ್ಲ ಅದರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದವು. ಒಂದು ವಿಂಡೋ ಹೊಸ ದೂರಿಗೆ, ಇನ್ನೊಂದು ಹಳೇ ದೂರಿಗೆ. ಮೂರನೆಯದೊಂದು ಪುಟ್ಟದು, ಹೇಳದೆ ಕೇಳದೆ ಮೇಲೆ ಬಂದು ಕೂತು, 'ಈ ದೂರನ್ನು ಮುಗಿಸಿಬಿಡಲೇ?' ಎಂದು ಕೇಳುವಂಥದು. ಅಲ್ಲಿ ಅರಿಯದೆ ಎಂಟರ್ ಒತ್ತಿದರೆ, ಒಡೆದ ಪೈಪು ಒಡೆದಂತೆಯೇ ಇದ್ದು ದೂರು ಮಾತ್ರ ಮುಗಿದುಹೋಗುತ್ತಿತ್ತು. ಹಿಂದಿನ ವಾರ ಹಾಗೇ ಆಗಿ ಒಂದು ಬೀದಿಯ ಜನ ಕೊಡ ಹಿಡಿದುಕೊಂಡು ಅಲೆದಿದ್ದರು. ಸೋಮವಾರ ಮೇಲ್ವಿಚಾರಕಿ ಪಕ್ಕದಲ್ಲೇ ಕೂತು ಅವಳ ಕೆಲಸ ನೋಡುವವರಿದ್ದರು. ಮತ್ತೆ ತಪ್ಪಾದರೆ ಹಿಂದಿನ ಕೋಣೆಯಲ್ಲಿ ಲಕೋಟೆ ಅಂಟಿಸುವ ಕೆಲಸ.

"ಲಕೋಟೆ ಅಂಟಿಸೋಕೂ ನಾಲಿಗೆ ಬೇಕು ನಿಜ," ಎಂದು ಅಕ್ಕ ನಕ್ಕಿದ್ದಳು. "ಆದ್ರೆ ನನ್ನ ನಾಲಿಗೆ ಇರೋದು ಮಾತಾಡೋಕೆ."

ತಮ್ಮನಿಗೆ ನಗು ಬಂದಿರಲಿಲ್ಲ. ಹಗಲು ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಹಾಕಿ, ಸಂಜೆ ತರಗತಿಗೆ ಹೋಗಿ ಸ್ಕ್ರಿಪ್ಟು ಬರೆಯಲು ಕಲಿಯುತ್ತಿದ್ದವನು. ಕಲಿತದ್ದೆಷ್ಟು, ಕಲಿತೆ ಅಂದುಕೊಂಡದ್ದೆಷ್ಟು ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಆದರೂ ಎದುರಿಗಿರುವ ವಿಂಡೋದ ಹೆಸರನ್ನು ಕೂಗಿ ಹೇಳುವ ಸ್ಕ್ರಿಪ್ಟು ಬರೆದುಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಅಭ್ಯಾಸಕ್ಕೆಂದು ಕಚೇರಿಯವರು ಕೊಟ್ಟಿದ್ದ ಪ್ರೋಗ್ರಾಮಿನ ಒಂದು ಪ್ರತಿ ಮನೆಯ ಲ್ಯಾಪ್‌ಟಾಪಿನಲ್ಲಿತ್ತು. ಭಾನುವಾರವೆಲ್ಲ ಅದರ ಮುಂದೆಯೇ ಕಳೆದಿತ್ತು.

"ಇನ್ನೂ ಸಿಗ್ಲಿಲ್ವೇನೋ ಆ ಕಿಟಕಿ?" ಬಟ್ಟೆ ಮಡಿಸುತ್ತಿದ್ದ ಅಮ್ಮ ಕೇಳಿದಳು. "ಮನೇಲಿರೋದೇ ಎರಡು."

"ಕಿಟಕಿ ಸಿಕ್ಕಿದೆ ಅಮ್ಮಾ. ಅದರ ಹೆಸರು ಸಿಗ್ತಿಲ್ಲ."

"ಕಿಟಕಿಗೆ ಯಾರಾದ್ರೂ ಹೆಸರಿಡ್ತಾರಾ," ಎಂದು ಅಮ್ಮ ಟವೆಲ್ಲು ಕೊಡವಿದಳು.

ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎನ್ನುತ್ತಾರೆ. ಆ ಪ್ರೋಸೆಸ್ಸನ್ನು ಹಿಡಿದು ನಿನ್ನ ವಿಂಡೋದ ಹೆಸರೇನೆಂದು ಕೇಳಿದರೆ ಹೇಳುತ್ತದೆ ಎಂದು ತರಗತಿಯಲ್ಲಿ ಕಲಿಸಿದ್ದರು. ಕೇಳಿದ್ದ. ಎದುರಿಗೆ ಯಾವುದೇ ಇರಲಿ, ಅದು ಮುಖ್ಯ ವಿಂಡೋದ ಹೆಸರನ್ನೇ ಹೇಳಿತು. ಹಾಗಾದರೆ ಇರುವ ಎಲ್ಲವನ್ನೂ ಹೇಳು ಎಂದ. ಹಾಜರಿ ಕೂಗಿದಾಗ ಪಕ್ಕದ ತರಗತಿಯ ಮಕ್ಕಳೂ ಓಗೊಟ್ಟ ಹಾಗೆ, ಪರದೆಯಲ್ಲಿ ಕಾಣಿಸದೆ ಅಡಗಿದ್ದ ವಿಂಡೋಗಳೆಲ್ಲ ಎದ್ದು ನಿಂತವು. ಅವನ ತಲೆ ಗಿರ್ರೆಂದಿತು.

ಕೊನೆಗೆ ಬೇಸತ್ತು ಪ್ರಶ್ನೆಯನ್ನೇ ತಿರುವಿ ಹಾಕಿದ. ಮೊದಲು ಎದುರಿಗಿರುವ ವಿಂಡೋವನ್ನು ಹಿಡಿಯುವುದು. ನೀನು ಯಾವ ಪ್ರೋಸೆಸ್ಸಿಗೆ ಸೇರಿದ್ದು ಎಂದು ಅದನ್ನೇ ವಿಚಾರಿಸುವುದು. ನಮ್ಮದೇ ಆದರೆ ಹೆಸರು ಹೇಳಿಸುವುದು.

"ಹಳೇ ದೂರು," ಎಂದಿತು ಲ್ಯಾಪ್‌ಟಾಪು.

"ಬಂತಲ್ಲ ದಾರಿಗೆ," ಎಂದು ಅಕ್ಕ ಇನ್ನೊಂದು ಕೀಲಿ ಒತ್ತಿದಳು. ಮೂರನೆಯ ವಿಂಡೋ ಮೇಲೆ ಬಂತು. ಸದ್ದಿಲ್ಲ. ಅವಳು ಕಿವಿಗೊಟ್ಟು ಕಾದಳು. "ಕೆಟ್ಟುಹೋಯ್ತಾ?"

"ಇಲ್ಲ. ಇದಕ್ಕೆ ಹೆಸರೇ ಇಲ್ಲ. ಮಾಡಿದವರು ಇಡೋದೇ ಮರೆತಿದ್ದಾರೆ."

"ಸರಿ ಬಿಡು. ಸುಮ್ಮನಿದ್ರೆ ಇದೇ ಅಂದ್ಕೋತೀನಿ."

"ಸ್ಕ್ರಿಪ್ಟು ನಿಂತುಹೋದ್ರೂ ಸುಮ್ಮನೇ ಇರುತ್ತಲ್ಲ. ಆಗ?" ಎಂದವನು ಕೆಮ್ಮಿದ. ಕಸಿವಿಸಿಯಾದಾಗಲೆಲ್ಲ ಬರುವ ಒಣ ಕೆಮ್ಮು ಅದು, ಒಂದರ ಬೆನ್ನಿಗೊಂದು.

ಅಕ್ಕ ಬೆರಳೆತ್ತಿದಳು. "ಅದನ್ನೇ ಹಾಕು ಮೇಷ್ಟ್ರೇ."

"ಯಾವುದನ್ನ?"

"ನಿನ್ನ ಕೆಮ್ಮನ್ನ. ನೀನು ಕೆಮ್ಮಿದ್ರೆ ಏನೋ ಎಡವಟ್ಟಾಗಿದೆ ಅಂತ ಮನೆಗೆಲ್ಲ ಗೊತ್ತು."

"ಬೀದಿಗೂ ಗೊತ್ತು," ಅಂದಳು ಅಮ್ಮ.

ರೆಕಾರ್ಡ್ ಮಾಡಲೆಂದು ಫೋನು ಬಾಯಿಗೆ ಹಿಡಿದರೆ ಕೆಮ್ಮೇ ಬರಲೊಲ್ಲದು. ಬಲವಂತವಾಗಿ ಕೆಮ್ಮಿದರೆ ಬೆಕ್ಕು ಸೀನಿದಂತಿತ್ತು. ಅಕ್ಕ, "ನಾಳೆ ಮೇಡಂ ಎದುರಿಗೆ ಇದು ಕೈಕೊಟ್ರೆ ಏನು ಮಾಡ್ತೀಯ?" ಎಂದಳು. ಕೆಮ್ಮು ತಾನಾಗಿ ಬಂತು. ಹೆಸರಿಲ್ಲದ ವಿಂಡೋ ಬಂದಾಗಲೆಲ್ಲ ಅದೇ ಕೇಳಿಸುವಂತೆ ಸ್ಕ್ರಿಪ್ಟಿಗೆ ಸೇರಿಸಿದ.

ಸೋಮವಾರ ಕಚೇರಿಯಲ್ಲಿ ಅಕ್ಕನ ಒಂದು ಕಿವಿಗೆ ಫೋನು, ಇನ್ನೊಂದು ಕಿವಿಯ ಹತ್ತಿರ ಮೇಜಿನ ಮೇಲೆ ಪುಟ್ಟ ಸ್ಪೀಕರು. ಮೇಲ್ವಿಚಾರಕಿ ಪಕ್ಕದಲ್ಲಿ ಕೂತರು. "ನೀವೂ ಇಲ್ಲೇ ಇರಿ, ಏನಾದ್ರೂ ಆದ್ರೆ," ಎಂದು ತಮ್ಮನಿಗೆ ಹಿಂದೆ ಒಂದು ಕುರ್ಚಿ ಹಾಕಿಸಿದರು.

ಕರೆಗಳು ಬರತೊಡಗಿದವು. "ಹೊಸ ದೂರು," ಎಂದಿತು ಸ್ಪೀಕರು. "ಹಳೇ ದೂರು." ಆಮೇಲೆ ಕೆಮ್ಮು. ಎಂಟರ್ ಕಡೆ ಹೊರಟಿದ್ದ ಅಕ್ಕನ ಬೆರಳು ಅಲ್ಲೇ ತಡೆದು, ವಾಪಸು ಹೋಗುವ ಕೀಲಿ ಒತ್ತಿತು. ದೂರು ಉಳಿಯಿತು.

ಮೇಲ್ವಿಚಾರಕಿ ಹಿಂದಕ್ಕೆ ತಿರುಗಿ ನೋಡಿದರು. "ನೀರು ಬೇಕೇನ್ರೀ?"

"ನಾನಲ್ಲ ಮೇಡಂ," ಎಂದ ತಮ್ಮ. ಅವರಿಗೆ ಅದು ತಮಾಷೆಯಾಗಿ ಕೇಳಿಸಿತೋ ಉದ್ಧಟತನವಾಗಿ ಕೇಳಿಸಿತೋ ಅವನಿಗೆ ತಿಳಿಯಲಿಲ್ಲ. ವಿವರಿಸೋಣವೆಂದರೆ ಅಕ್ಕ ಕರೆಯಲ್ಲಿದ್ದಳು. ಅಷ್ಟರಲ್ಲಿ ಅವನ ಗಂಟಲಿನಲ್ಲಿ ನಿಜವಾಗಿಯೂ ಕೆರೆತ ಶುರುವಾಯಿತು.

ಈಗ ಕೆಮ್ಮಿದರೆ ಅಕ್ಕ ವಾಪಸಿನ ಕೀಲಿ ಒತ್ತುತ್ತಾಳೆ, ಅರ್ಧ ಬರೆದ ದೂರು ಹಾರಿಹೋಗುತ್ತದೆ. ಉಗುಳು ನುಂಗಿದ. ಕಣ್ಣಲ್ಲಿ ನೀರು ಬಂತು. ಬಾಯಿಗೆ ಕೈ ಒತ್ತಿಕೊಂಡು, ಕುರ್ಚಿ ಸದ್ದಾಗದಂತೆ ಎದ್ದು, ಬಾಗಿಲು ದಾಟಿ, ಮೆಟ್ಟಿಲಿಳಿದು ಬೀದಿಗೆ ಬಂದು, ಗೋಡೆ ಹಿಡಿದುಕೊಂಡು ಮನಸಾರೆ ಕೆಮ್ಮಿದ. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿ ಮುಂದೆ ಹೋದ.

ಮೇಲೆ ಬಂದು ಗಾಜಿನ ಬಾಗಿಲಿನ ಆಚೆಯೇ ನಿಂತ. ಒಳಗಿನ ಯಾವ ಸದ್ದೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಅಕ್ಕನ ಕೈ ಗಾಳಿಯಲ್ಲಿ ತಡೆದು ನಿಂತದ್ದು ಕಂಡಿತು. ತಾನು ಮತ್ತೆ ಕೆಮ್ಮಿಬಿಟ್ಟೆನೇ ಎಂದು ಗಾಬರಿಯಿಂದ ಬಾಯಿ ಮುಟ್ಟಿಕೊಂಡ. ಮೇಲ್ವಿಚಾರಕಿ ನೀರಿನ ಲೋಟ ಹಿಡಿದು ಅವನ ಕುರ್ಚಿಯ ಕಡೆ ತಿರುಗಿದರು. ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಸ್ಪೀಕರನ್ನು ನೋಡಿದರು, ಅಕ್ಕನ ಬೆರಳು ಪಕ್ಕಕ್ಕೆ ಸರಿದು ಇನ್ನೊಂದು ಕೀಲಿ ಒತ್ತುವುದನ್ನು ನೋಡಿದರು. ಲೋಟವನ್ನು ಸದ್ದಾಗದಂತೆ ಅಕ್ಕನ ಕೈಗೆ ಸಿಗುವ ಹಾಗೆ ಮೇಜಿನ ಮೇಲಿಟ್ಟು, ತಾವು ಕೂತಿದ್ದ ಕುರ್ಚಿಯನ್ನು ತುಸು ಹಿಂದಕ್ಕೆಳೆದುಕೊಂಡರು.